ಸಂಜೆಗೆ ಎತ್ತಿಟ್ಟ ಬಿಸಿಲು

ಫೆಬ್ರುವರಿ 4

ತಮ್ಮಾ,

ಫೋನಿನಲ್ಲಿ ಹೇಳಿದರೆ ಮೂರನೇ ಮಾತಿಗೆ ನೀನು "ಸರಿ ಅಕ್ಕ, ಮೀಟಿಂಗ್ ಇದೆ" ಅನ್ನುತ್ತೀಯ. ಕಾಗದ ಹಾಗಲ್ಲ, ನೀನು ಮೀಟಿಂಗ್ ಮುಗಿಸಿ ಬರುವವರೆಗೂ ಮೇಜಿನ ಮೇಲೆ ಕಾದು ಕೂತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಡಿಪೋದಲ್ಲಿ ಹೊಸ ಬಸ್ಸು ಕೊಟ್ಟಿದ್ದಾರೆ. ಊಟಕ್ಕೆ ಕೂತಾಗಲೆಲ್ಲ ಅದರ ಬ್ರೇಕಿನ ಗುಣಗಾನ ಕೇಳಿ ಕೇಳಿ ನಾನೇ ಬಸ್ಸು ಓಡಿಸಬಲ್ಲೆ ಅನ್ನಿಸಿಬಿಟ್ಟಿದೆ. ನಾನು ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮೇಸ್ತ್ರಿ ಆದ ಮೇಲೆ ಅಲ್ಲಿನ ಕೆಲಸದವರು ನನ್ನೆದುರು ಸಿಗರೇಟು ಸೇದುವುದನ್ನು ಬಿಟ್ಟಿದ್ದಾರೆ. ಬೆನ್ನ ಹಿಂದೆ ಹೋಗಿ ಸೇದುತ್ತಾರೆ, ಅದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಣಿವೆಯ ಇಳಿಜಾರಿನ ತುಂಬ ಸೋಲಾರ್ ಫಲಕಗಳಿವೆ. ಮಧ್ಯಾಹ್ನ ಅವು ಕೊಡುವಷ್ಟು ಕರೆಂಟನ್ನು ಊರು ಬಳಸಲಾರದು, ಹೊರಗೆ ಒಯ್ಯುವ ತಂತಿಯೂ ತಾಳಲಾರದು. ಬಿಸಿಲು ನೆತ್ತಿಗೇರಿದ ಹೊತ್ತಿಗೆ ಸರಿಯಾಗಿ ವಿದ್ಯುತ್ ಕಚೇರಿಯವರು ಅರ್ಧಕ್ಕರ್ಧ ಫಲಕಗಳನ್ನು ಆಫ್ ಮಾಡಿಸುತ್ತಾರೆ. ಸಂಜೆ ಮನೆಮನೆಯಲ್ಲೂ ದೀಪ ಬೇಕಾದಾಗ ಕರೆಂಟ್ ಕೈಕೊಡುತ್ತದೆ. ಬೀದಿಗೆ ಬೀದಿಯೇ ಜನರೇಟರ್ ಗುಡುಗು, ಡೀಸೆಲ್ ಹೊಗೆ. ಕಾರ್ಖಾನೆಯಲ್ಲೂ ಅದೇ ಪಾಡು. ಔಷಧದ ಬಾಟಲಿಗೆ ಬೇಕಾದ ಗಾಜನ್ನು ನಾವು ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತೇವೆ. ಒಮ್ಮೆ ಹೊತ್ತಿಸಿದ ಕುಲುಮೆ ವರ್ಷಗಟ್ಟಲೆ ಆರಬಾರದು. ಆರಿತೋ, ಒಳಗಿನ ಗಾಜು ಬಂಡೆಯಾಗಿ ಕೂತುಬಿಡುತ್ತದೆ.

ಕಾರ್ಖಾನೆಯವರು, ಅಂಗಡಿಯವರು, ಆಸ್ಪತ್ರೆಯವರು ಸೇರಿ ಒಂದು ಸಂಘ ಕಟ್ಟಿದ್ದೇವೆ. ಮಧ್ಯಾಹ್ನ ದಂಡವಾಗುವ ಕರೆಂಟನ್ನು ದೊಡ್ಡ ಬ್ಯಾಟರಿಗಳಲ್ಲಿ ತುಂಬಿಟ್ಟು ಸಂಜೆ ಬಿಡಬೇಕು ಅನ್ನುವುದು ನಮ್ಮ ಆಸೆ. ಬ್ಯಾಟರಿಯ ಬೆಲೆ ಹೇಗೋ ಹೊಂದೀತು, ಅದರ ಕರೆಂಟಿನ ಮೇಲಿನ ತೆರಿಗೆ ಸೇರಿದರೆ ಕೈಗೆ ಎಟಕುವುದಿಲ್ಲ. ಇಂಥ ಸಂಗ್ರಹಕ್ಕೆ ತೆರಿಗೆ ವಿನಾಯಿತಿ ಕೊಡಬೇಕೆನ್ನುವ ಮಸೂದೆ ಶಾಸನಸಭೆಯಲ್ಲಿ ನಿನ್ನ ತೆರಿಗೆ ಸಮಿತಿಯ ಮುಂದೆ ಬಂದಿದೆಯಂತೆ. ಅಧ್ಯಕ್ಷ ನೀನು. ನನಗೆ ನಿನ್ನ ಮತ ಬೇಡ. ಓದು ಅಂತಷ್ಟೇ ಕೇಳುತ್ತೇನೆ. ಓದಿ, ಸಾಧ್ಯವಾದರೆ ಬಂದು ನೋಡಿ, ಆಮೇಲೆ ನಿನಗೆ ಸರಿ ಅನ್ನಿಸಿದ್ದು ಮಾಡು.

ನಿನ್ನ ಅಕ್ಕ

*

ಫೆಬ್ರುವರಿ 15

ಅಕ್ಕಾ,

ನಿನ್ನ ಕಾಗದ ಬಂದ ದಿನ ಮಗಳು ಅದನ್ನು ಕಿತ್ತುಕೊಂಡು ಕೈಬರಹ ನೋಡಿ "ಅತ್ತೆ ಇಷ್ಟು ಒತ್ತಿ ಯಾಕೆ ಬರೀತಾರೆ?" ಎಂದು ಕೇಳಿದಳು. ಕಬ್ಬಿಣದ ಸಲಾಕೆ ಹಿಡಿಯುವ ಕೈ ಅಂದೆ. ಅವಳಿಗೆ ತುಂಬ ಹೆಮ್ಮೆಯಾಯಿತು.

ಪತ್ರಿಕೆಯವರು ನನಗಿಟ್ಟ ಹೆಸರು ನಿನಗೂ ಗೊತ್ತು: ಬೇಡಪ್ಪ. ಯಾರು ವಿನಾಯಿತಿ ಕೇಳಿ ಬಂದರೂ ಬೇಡ ಅನ್ನುವವನು. ನನಗೆ ಆ ಹೆಸರಿನ ಬಗ್ಗೆ ನಾಚಿಕೆ ಇಲ್ಲ. ಇಲ್ಲಿ ಬಾಗಿಲು ತಟ್ಟುವವರೆಲ್ಲ ಬಡವರ ಹೆಸರು ಹೇಳಿಕೊಂಡೇ ಬರುತ್ತಾರೆ. ಹೆಂಚಿನ ಕಾರ್ಖಾನೆಗಳಿಗೆ ನಾಲ್ಕು ವರ್ಷಕ್ಕೆಂದು ಕೊಟ್ಟ ರಿಯಾಯಿತಿ ಇವತ್ತಿಗೂ ನಡೆಯುತ್ತಿದೆ. ಹೆಂಚಿನ ಬೆಲೆ ಇಳಿಯಲಿಲ್ಲ, ಮಾಲೀಕರ ಮನೆಗಳ ಮಹಡಿ ಮಾತ್ರ ಏರಿತು. ಒಬ್ಬರಿಗೆ ಬಿಟ್ಟ ತೆರಿಗೆಯನ್ನು ಇನ್ನೊಬ್ಬರು ತುಂಬಬೇಕಾಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಆದರೂ ನೀನು ಕೇಳಿದ್ದೀಯ. ನೋಡೋಣ.

ಭಾವನಿಗೆ ಹೊಸ ಬಸ್ಸಿನ ಶುಭಾಶಯ ಹೇಳು.

ತಮ್ಮ

*

ಮಾರ್ಚ್ 1

ತಮ್ಮಾ,

"ನೋಡೋಣ" ಅಂದಿದ್ದೀಯಲ್ಲ, ಅಷ್ಟು ಸಾಕು. ನಿನ್ನ ಬಾಯಿಂದ ಬೇಡ ಅನ್ನುವ ಪದ ಬರದೇ ಇದ್ದದ್ದೇ ನಮಗೊಂದು ಗೆಲುವು. ಸಂಘದ ಸಭೆಯಲ್ಲಿ ನಿನ್ನ ಕಾಗದದ ಆ ಒಂದು ಸಾಲನ್ನು ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಆಸ್ಪತ್ರೆಯ ನರ್ಸಮ್ಮ ನನ್ನನ್ನು ಅಪ್ಪಿಕೊಂಡೇಬಿಟ್ಟಳು.

ಕಳೆದ ವಾರ ಇಲ್ಲೊಂದು ಘಟನೆ ಆಯಿತು. ಸಂಜೆ ಕರೆಂಟ್ ಹೋಯಿತು, ಅದು ದಿನದ ಮಾತು. ಜನರೇಟರ್ ಹಾಕಿದರೆ ಅದೂ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಮೆಕ್ಯಾನಿಕ್ ಅದರ ಹೊಟ್ಟೆ ಬಿಚ್ಚಿ ಕೂತ. ಇತ್ತ ಕುಲುಮೆಯ ಕಣ್ಣು ಅನ್ನುವ ಇಣುಕುಕಿಂಡಿಯಿಂದ ನೋಡುತ್ತಿದ್ದೇನೆ, ಬಿಳಿಯಾಗಿ ಕುದಿಯುತ್ತಿದ್ದ ಗಾಜು ಹಳದಿಯಾಯಿತು, ಕಿತ್ತಳೆಯಾಯಿತು. ಸಲಾಕೆ ಅದ್ದಿದರೆ ಚಳಿಗಾಲದ ಜೇನಿನ ಹಾಗೆ ಎಳೆಯುತ್ತಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಕುಲುಮೆಯೇ ಹೋಗುತ್ತದೆ. "ಮೇಸ್ತ್ರಿ, ಏನ್ಮಾಡೋಣ?" ಅಂತ ಎಲ್ಲರೂ ನನ್ನ ಮುಖ ನೋಡಿದರು. "ತಳ ಬಿಚ್ಚಿ" ಅಂದೆ. ಕೆಳಗಿನ ಬೆಣೆ ಹೊಡೆದು ಅಷ್ಟೂ ಗಾಜನ್ನು ನೀರಿನ ಗುಂಡಿಗೆ ಹರಿಸಿದೆವು. ಆವಿ ಎದ್ದು ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಗುಂಡಿಯೊಳಗೆ ಗಾಜು ಚಟಚಟ ಸಿಡಿಯುತ್ತಿದ್ದರೆ ಗಾಜು ಊದುವ ನಮ್ಮ ಹಳೆಯ ಕೆಲಸಗಾರನೊಬ್ಬ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ.

ಯಾರಿಗೂ ಸುಟ್ಟಿಲ್ಲ, ಗಾಬರಿಯಾಗಬೇಡ. ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿದೆ. ಮಾಲೀಕರು ಬದಲಿಸುತ್ತಿದ್ದಾರೆ. ಬೇರೇನೂ ತೊಂದರೆ ಇಲ್ಲ.

ಮಗಳಿಗೆ ಒಂದು ಗಾಜಿನ ಗುಂಡು ಕಳಿಸಿದ್ದೇನೆ, ಆ ದಿನದ ಗಾಜೇ.

ಅಕ್ಕ

*

ಮಾರ್ಚ್ 9

ಅಕ್ಕಾ,

ಇದರ ಜೊತೆಗಿಟ್ಟ ಪತ್ರಿಕೆಯ ತುಂಡು ನೋಡು. "ಬೇಡಪ್ಪ ಈಗ ಬೇಕಪ್ಪ: ಅಕ್ಕನ ಮಾತಿಗೆ ಕರಗಿದ ಅಧ್ಯಕ್ಷ." ನಿನ್ನ ಸಂಘದವರಲ್ಲಿ ಯಾರೋ ಬಾಯಿಬಿಟ್ಟಿದ್ದಾರೆ. ಬೆಳಿಗ್ಗೆ ಪಕ್ಷದ ಸಚೇತಕರು ನನ್ನನ್ನು ಕರೆಸಿ, ಇದನ್ನು ಮೇಜಿನ ಮೇಲೆ ಹಾಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಎದುರಿಗಿದ್ದವನ ಗ್ರಹಚಾರ ಕೆಟ್ಟಿತು ಅಂತ ಅರ್ಥ.

ನಾನು ನೋಡೋಣ ಅಂದಿದ್ದೆ. ಒಪ್ಪಿದೆ ಅಂದಿರಲಿಲ್ಲ. ಈ ಊರಿನಲ್ಲಿ ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ, ಹೇಳಲು ಮನಸ್ಸಾಗದಿದ್ದಾಗ ಹಾಗನ್ನುತ್ತೇವೆ.

ಮತದಾನ ಮುಗಿಯುವವರೆಗೆ ಈ ವಿಷಯ ಬರೆಯಬೇಡ.

ತಮ್ಮ

*

ಮಾರ್ಚ್ 14

ತಮ್ಮಾ,

ಬರೆಯುವುದಿಲ್ಲ.

ಸಭೆಯಲ್ಲಿ ಹೇಳಿದ್ದು ನನ್ನ ತಪ್ಪು. ನಾಳೆ ಎಲ್ಲರೆದುರು ನಿಂತು "ನನ್ನ ತಮ್ಮ ಏನೂ ಒಪ್ಪಿಲ್ಲ, ನಾನೇ ಹಾಗೆ ತಿಳಿದುಕೊಂಡೆ" ಅಂತ ಹೇಳಿಬಿಡುತ್ತೇನೆ. ಇಲ್ಲ ಅನ್ನಲು ಮನಸ್ಸಾಗದಷ್ಟು ನಾವು ದೂರದವರಾದೆವು ಅಂತ ನನಗೆ ಗೊತ್ತಿರಲಿಲ್ಲ. ಅಷ್ಟೇ.

ಮಗಳ ಜ್ವರ ಇಳಿಯಿತಾ? ನಿನ್ನ ಹೆಂಡತಿ ಭಾವನಿಗೆ ಫೋನ್ ಮಾಡಿದಾಗ ಹೇಳಿದಳಂತೆ.

ಅಕ್ಕ

*

ಏಪ್ರಿಲ್ 6

ಅಕ್ಕಾ,

ಈ ಕಾಗದವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ಹೋದ ಸೋಮವಾರ ನಾನು ನಿನ್ನೂರಿಗೆ ಬಂದಿದ್ದೆ.

ನಿನ್ನ ಮನೆಗೆ ಬರಲಿಲ್ಲ. ಬಂದರೆ ಮತ್ತೊಂದು ಸುದ್ದಿಯಾಗುತ್ತಿತ್ತು. ನಿಜ ಹೇಳಬೇಕೆಂದರೆ, ಬಾಗಿಲಲ್ಲಿ ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ನಿನ್ನ ಕೊನೆಯ ಕಾಗದ ಬಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ರೈಲಿನಲ್ಲಿ ಮಸೂದೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅಲ್ಲಿಯವರೆಗೆ ಗುಮಾಸ್ತರು ಬರೆದುಕೊಟ್ಟ ಸಾರಾಂಶ ಮಾತ್ರ ಓದಿದ್ದೆ, ಬೇಡ ಎನ್ನುವ ವರದಿಗೆ ಸಹಿಯನ್ನೂ ಹಾಕಿ ಇಟ್ಟಿದ್ದೆ. ಅದನ್ನು ನಿನಗೆ ತಿಳಿಸಿರಲಿಲ್ಲ.

ಓದುತ್ತಾ ಒಂದು ಕಡೆ ನಿಂತೆ. ಬ್ಯಾಟರಿ ತುಂಬುವಾಗ ಅದನ್ನು ಗ್ರಾಹಕ ಎಂದು ಹಿಡಿದು ತೆರಿಗೆ ಹಾಕುತ್ತೇವೆ. ಅದೇ ಕರೆಂಟನ್ನು ಬಿಡುವಾಗ ಉತ್ಪಾದಕ ಎಂದು ಮತ್ತೆ ಹಾಕುತ್ತೇವೆ. ಒಂದೇ ಕೊಡ ನೀರಿಗೆ ತುಂಬುವಾಗ ಒಂದು ಸುಂಕ, ಬಗ್ಗಿಸುವಾಗ ಇನ್ನೊಂದು. ಇದನ್ನು ವರ್ಷಗಟ್ಟಲೆ ನಾನೇ ಕಾಪಾಡಿಕೊಂಡು ಬಂದಿದ್ದೇನೆ.

ಮಧ್ಯಾಹ್ನ ಇಳಿಜಾರಿನ ಬುಡದಲ್ಲಿ ನಿಂತು ನೋಡಿದೆ. ಸುಡುವ ಬಿಸಿಲು, ಆಕಾಶದಲ್ಲಿ ಮೋಡದ ಚೂರಿಲ್ಲ. ಕಾವಲಿನವನು ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. "ಎಲ್ಲಾ ನಡೀತಿದ್ಯಾ?" ಎಂದರೆ "ಇಲ್ಲ ಸಾರ್, ಬಿಸಿಲು ಜಾಸ್ತಿ ಆಯ್ತು ಅಂತ ಆಫ್ ಮಾಡಿದೀವಿ" ಎಂದ. ಬಿಸಿಲು ಜಾಸ್ತಿಯಾಯಿತೆಂದು ಬಿಸಿಲಿನ ಯಂತ್ರವನ್ನು ನಿಲ್ಲಿಸುವುದು.

ಸಂಜೆ ಕಾರ್ಖಾನೆಯ ಗೇಟಿನ ಎದುರಿನ ಕ್ಷೌರದಂಗಡಿಗೆ ಹೋದೆ. ಊರಿನ ಸುದ್ದಿ ಅಲ್ಲಿ ಸಿಗುತ್ತದೆ ಅನ್ನಿಸಿತು. ಕ್ಷೌರಿಕ ನನ್ನ ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಗಂಟಲಿಗಿಟ್ಟು ಶುರುಮಾಡಿದ. "ಆ ಬೇಡಪ್ಪ ಇದಾನಲ್ಲ ಸಾರ್, ನಮ್ಮ ಮೇಸ್ತ್ರಿ ಅಮ್ಮನ ಸ್ವಂತ ತಮ್ಮ. ಕಾರ್ಖಾನೆ ಮುಚ್ತೀವಿ ಅಂತ ಮಾಲೀಕರು ನೋಟೀಸ್ ಕೊಟ್ಟಾಗಿದೆ. ಸಂಜೆ ಕರೆಂಟಿಗೆ ಈ ವರ್ಷದೊಳಗೆ ದಾರಿ ಆಗ್ಲಿಲ್ಲ ಅಂದ್ರೆ ಬಂದರಿನ ಕಡೆ ಹೋಗಿಬಿಡ್ತಾರಂತೆ. ಅರ್ಧ ಊರು ಖಾಲಿ ಆಗತ್ತೆ. ಇಷ್ಟಾದ್ರೂ ಆಯಮ್ಮ ತಮ್ಮನ ಮೇಲೆ ಒಂದು ಮಾತು ಆಡೋಕೆ ಬಿಡಲ್ಲ ಸಾರ್. ಸ್ವಲ್ಪ ಗಲ್ಲ ಎತ್ತಿ."

ಗಲ್ಲ ಎತ್ತಿದೆ. ಆಗಲೇ ಕರೆಂಟ್ ಹೋಯಿತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ. ಅವನು ಅಂಗಡಿಯ ಜನರೇಟರ್ ಎಳೆದು ಎಳೆದು ಸೋತ. ನಾನು ಹಾಗೆಯೇ ಮುಖ ಒರೆಸಿಕೊಂಡು ರೈಲು ಹತ್ತಿದೆ.

ನೋಟೀಸಿನ ವಿಷಯ ನನಗೆ ಯಾಕೆ ಹೇಳಲಿಲ್ಲ ಅಕ್ಕ? "ಬೇರೇನೂ ತೊಂದರೆ ಇಲ್ಲ" ಅಂತ ಬರೆದಿದ್ದೀಯ. ಇದು ನನಗೆ ಆ ಕತ್ತಿಗಿಂತ ಹೆಚ್ಚು ತಾಗಿತು. ನನ್ನ ಮೇಲೆ ಅಷ್ಟೂ ನಂಬಿಕೆ ಉಳಿದಿಲ್ಲವೇ?

ತಮ್ಮ

*

ಏಪ್ರಿಲ್ 12

ತಮ್ಮಾ,

ನಿನ್ನ ಕಾಗದವನ್ನು ಭಾವನಿಗೆ ಓದಿ ಹೇಳಿದೆ. ಅರ್ಧ ಕೆನ್ನೆಯ ಭಾಗಕ್ಕೆ ಬಂದಾಗ ಅವರು ನಕ್ಕು ನಕ್ಕು ಕೆಮ್ಮು ಬಂದು ಹೊರಗೆ ಹೋದರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ನಂಬಿಕೆ ಇಲ್ಲದ್ದಕ್ಕೆ ಮುಚ್ಚಿಟ್ಟಿದ್ದಲ್ಲ ಕಣೋ. ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ? ಅಕ್ಕನ ಕೆಲಸ ಹೋಗುತ್ತದೆ, ಅಕ್ಕನ ಊರು ಹೋಗುತ್ತದೆ ಅಂತ ಕಣ್ಣು ಮುಚ್ಚಿ ಕೈ ಎತ್ತುತ್ತಿದ್ದೆ. ನೀನು ಎಷ್ಟೇ ಬೇಡಪ್ಪ ಆಗಿದ್ದರೂ ನನಗೆ ಬೇಡ ಅನ್ನಲಾರೆ, ಅದಕ್ಕೇ ತಾನೆ ನೋಡೋಣ ಅಂದದ್ದು? ಅಂಥ ಮತ ನನಗೆ ಬೇಕಿರಲಿಲ್ಲ. ಮಸೂದೆ ಒಳ್ಳೆಯದಾಗಿದ್ದರೆ ತನ್ನ ಕಾಲ ಮೇಲೆ ನಿಲ್ಲಲಿ. ಅಕ್ಕನ ಸೆರಗು ಹಿಡಿದು ಬಂದ ಕಾನೂನು ಅಂತ ನಾಳೆ ಯಾರೂ ಅನ್ನಬಾರದು, ನಿನ್ನನ್ನೂ ಅನ್ನಬಾರದು.

ಬಂದರಿನ ಹೊಸ ಕಾರ್ಖಾನೆಗೆ ಬಾ ಅಂತ ಮಾಲೀಕರು ನನ್ನೊಬ್ಬಳನ್ನು ಕರೆದಿದ್ದಾರೆ. ಸಂಬಳವೂ ಜಾಸ್ತಿ. ಬರುವುದಿಲ್ಲ ಅಂದಿದ್ದೇನೆ. ಇದೊಂದೇ ನಾನು ಹೇಳದೆ ಉಳಿಸಿಕೊಂಡಿದ್ದದ್ದು, ಈಗ ಅದೂ ಹೇಳಿಬಿಟ್ಟೆ.

ಇನ್ನೊಂದು ವಿಷಯ. ಕ್ಷೌರಿಕನಿಗೆ ನೀನು ಒಳಗೆ ಕಾಲಿಟ್ಟಾಗಲೇ ಗುರುತು ಸಿಕ್ಕಿತ್ತಂತೆ. "ಇಷ್ಟು ಒಳ್ಳೆ ಅವಕಾಶ ಮತ್ತೆ ಸಿಗತ್ತಾ ಮೇಸ್ತ್ರಿ? ಮಾತಾಡದ ಹಾಗೆ ಕತ್ತಿ ಇಟ್ಟುಕೊಂಡೇ ಎಲ್ಲಾ ಹೇಳಿದೆ" ಅನ್ನುತ್ತಾನೆ. ಉಳಿದ ಕೆನ್ನೆಗೆ ಯಾವಾಗ ಬಂದರೂ ಬಿಟ್ಟಿಯಂತೆ.

ಅಕ್ಕ

*

ಏಪ್ರಿಲ್ 20

ಅಕ್ಕಾ,

ಒಂದು ನಿರ್ಧಾರ ಮಾಡಿದ್ದೇನೆ. ನಿನಗೆ ಹಿಡಿಸದೆ ಇರಬಹುದು.

ಈ ಮಸೂದೆಗೆ ನಾನು ಮತ ಹಾಕುವುದಿಲ್ಲ. ಅಧ್ಯಕ್ಷನ ಕುರ್ಚಿಯಲ್ಲೂ ಕೂರುವುದಿಲ್ಲ. ನನ್ನ ಅಕ್ಕ ಅಲ್ಲಿ ದುಡಿಯುತ್ತಾಳೆ, ಅವಳ ಸಂಘಕ್ಕೆ ಇದರಿಂದ ಲಾಭವಿದೆ ಎಂದು ನಾನೇ ಮೊದಲು ಹೇಳಿಬಿಡುತ್ತೇನೆ. ಆದರೆ ಮಾತಾಡುವುದಕ್ಕೆ ನನಗೆ ಅಡ್ಡಿ ಇಲ್ಲ, ಮಾತಾಡುತ್ತೇನೆ.

ಮೂರು ತಿದ್ದುಪಡಿ ಬರೆದಿದ್ದೇನೆ. ಬ್ಯಾಟರಿ ಇಟ್ಟುಕೊಂಡವರಿಗೆಲ್ಲ ವಿನಾಯಿತಿ ಇಲ್ಲ, ಬೇಡಿಕೆಯ ಹೊತ್ತಿಗೆ ನಿಜವಾಗಿ ಕರೆಂಟ್ ಬಿಟ್ಟವರಿಗೆ ಮಾತ್ರ. ಹತ್ತು ವರ್ಷದ ನಂತರ ಇದು ತಾನಾಗಿ ನಿಲ್ಲಬೇಕು, ಹೆಂಚಿನವರ ಕಥೆ ಮತ್ತೆ ಬೇಡ. ದೊಡ್ಡ ಕಂಪನಿಗೆ ಏನು ಸಿಗುತ್ತದೋ ಊರಿನ ಸಂಘಕ್ಕೂ ಅದೇ ಸಿಗಬೇಕು. ನಾನು ವಿನಾಯಿತಿಗಳನ್ನು ವಿರೋಧಿಸುತ್ತಾ ಕಲಿತದ್ದನ್ನೆಲ್ಲ ಇದರೊಳಗೆ ಹಾಕಿದ್ದೇನೆ.

ನನ್ನ ಮತವಿಲ್ಲದೆ ಲೆಕ್ಕ ಹಾಕಿದರೆ ಒಂದೇ ಮತದಿಂದ ಸೋಲುತ್ತೇವೆ. ವಿರೋಧಿಸುವವರ ಮುಂದಾಳು ಒಬ್ಬ ಹಿರಿಯ ಸದಸ್ಯೆ, ಮೊದಲು ತೆರಿಗೆ ಅಧಿಕಾರಿಯಾಗಿದ್ದವರು. ಎಲ್ಲರೂ ಅವರನ್ನು ಸುಂಕದಜ್ಜಿ ಅನ್ನುತ್ತಾರೆ. ಬೇಡ ಅನ್ನುವುದನ್ನು ನಾನು ಕಲಿತದ್ದೇ ಅವರ ಪಕ್ಕದಲ್ಲಿ ಕೂತು. ಅವರು ಜಗ್ಗುವವರಲ್ಲ. ನಿನ್ನ ಜನರಿಗೆ ಈ ಸಲ ಮೊದಲೇ ಹೇಳಿಡು, ಸೋಲುವ ಸಾಧ್ಯತೆಯೇ ಹೆಚ್ಚು.

ತಮ್ಮ

*

ಏಪ್ರಿಲ್ 30

ಅಕ್ಕಾ,

ಗೆದ್ದೆವು.

ಫೋನಿನಲ್ಲಿ ನೀನು ಈ ಪದ ಕೇಳಿ ಇಟ್ಟೇಬಿಟ್ಟೆ, ಹಿಂದೆ ಏನೋ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಆದ್ದರಿಂದ ನಡೆದದ್ದನ್ನು ಈಗ ಹೇಳುತ್ತೇನೆ.

ಬೆಳಿಗ್ಗೆ ನಾನು ಕುರ್ಚಿ ಬಿಟ್ಟು ಕೆಳಗೆ ಬಂದು ನಿಂತಾಗ ಕೋಣೆಯಲ್ಲಿ ಗುಸುಗುಸು. ನೀನು ಯಾರು, ಎಲ್ಲಿ ಕೆಲಸ ಮಾಡುತ್ತೀಯ, ಎಲ್ಲ ಹೇಳಿದೆ. ಆಮೇಲೆ ಇಳಿಜಾರಿನ ಬುಡದ ಕಾವಲಿನವನ ಮಾತು ಹೇಳಿದೆ. ಗಾಜು ಹರಿಸಿದ ಸಂಜೆಯನ್ನು ನೀನು ಬರೆದ ಹಾಗೆಯೇ ಹೇಳಿದೆ. ಎರಡು ಸಲ ತೆರಿಗೆ ಹಾಕುವುದನ್ನು ನಾನೇ ಕಾಪಾಡಿದವನು ಎಂದೂ ಒಪ್ಪಿಕೊಂಡೆ. ಗಂಟಲು ಒಣಗಿತು. ನೀರು ಕುಡಿದು ಮತ್ತೆ ಮಾತಾಡಿದೆ. ಊಟದ ಹೊತ್ತು ಮೀರಿತು, ಯಾರೂ ಎದ್ದುಹೋಗಲಿಲ್ಲ.

ಕೊನೆಗೆ ಸುಂಕದಜ್ಜಿ ಕೈ ಎತ್ತಿದರು. "ಹತ್ತು ವರ್ಷ ಆದ ಮೇಲೆ ಇದನ್ನ ಮುಂದುವರಿಸಿ ಅಂತ ನೀನೇ ಬರಲ್ಲ ಅಂತ ಏನು ಗ್ಯಾರಂಟಿ?"

"ಬಂದ್ರೆ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ" ಅಂದೆ.

"ನಾನಿರಬೇಕಲ್ಲ ಅಷ್ಟು ದಿನ."

"ಇರ್ತೀರಿ. ಬೇಡ ಅನ್ನೋದಕ್ಕಾದ್ರೂ ಇರ್ತೀರಿ."

ಅವರು ನಗಲಿಲ್ಲ. ತಿದ್ದುಪಡಿಯ ಹಾಳೆಯನ್ನು ಮತ್ತೊಮ್ಮೆ ಓದಿದರು. "ಮತ ಹಾಕಿ ಮಾತಾಡದೇ ಇರೋರನ್ನ ಬೇಕಾದಷ್ಟು ನೋಡಿದೀನಿ" ಅಂದರು. "ಮತ ಇಲ್ಲದೇ ಇಷ್ಟು ಹೊತ್ತು ಮಾತಾಡಿದವನನ್ನ ಇವತ್ತೇ ನೋಡಿದ್ದು. ವಿನಾಯಿತಿ ಅಂದ್ರೆ ಹೀಗೆ ಬರೀಬೇಕು, ಕೆಲಸ ಮಾಡಿದವನಿಗೆ, ಗಡುವು ಹಾಕಿ. ನನ್ನ ಒಪ್ಪಿಗೆ ಇದೆ, ಬರ್ಕೊಳ್ಳಿ."

ಅವರ ಹಿಂದೆಯೇ ಇನ್ನಿಬ್ಬರು ಕೈ ಎತ್ತಿದರು. ಸಚೇತಕರು ಕನ್ನಡಕ ಒರೆಸುತ್ತಲೇ ಇದ್ದರು, ಎಣಿಕೆ ಮುಗಿದೇಹೋಯಿತು.

ನಾನು ಮನೆಗೆ ನಡೆದುಕೊಂಡೇ ಬಂದೆ. ಇಷ್ಟು ವರ್ಷದಲ್ಲಿ ಒಂದು ಕೆಲಸವನ್ನು ತಡೆಯುವ ಬದಲು ನಡೆಸಿಕೊಟ್ಟು ಬಂದದ್ದು ಇದೇ ಮೊದಲು. ಕಾಲು ನೆಲದ ಮೇಲಿರಲಿಲ್ಲ.

ತಮ್ಮ

*

ಮೇ 8

ತಮ್ಮಾ,

ಬಿದ್ದದ್ದು ಪಾತ್ರೆಯಲ್ಲ, ನಿನ್ನ ಭಾವ. ನಾನು ಕೂಗಿದ್ದಕ್ಕೆ ಸ್ಟೂಲಿನಿಂದ ಜಾರಿದರು. ಮೂಗಿಗೆ ಸ್ವಲ್ಪ ತರಚಿದೆ. ಆ ಮೂಗನ್ನೇ ಇಟ್ಟುಕೊಂಡು ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಕಥೆ ಹೇಳುತ್ತಿದ್ದಾರೆ.

ಮಸೂದೆ ಸದನದಲ್ಲೂ ಪಾಸಾಯಿತೆಂದು ತಿಳಿದ ದಿನವೇ ಮಾಲೀಕರು ನೋಟೀಸ್ ಹಿಂದೆಗೆದುಕೊಂಡರು. ಗೇಟಿನ ಮೇಲಿದ್ದ ಆ ಹಾಳೆಯನ್ನು ನನ್ನ ಕೈಯಲ್ಲೇ ಕೀಳಿಸಿದರು. ಸಂಘ ಬ್ಯಾಟರಿಗೆ ಆರ್ಡರ್ ಕೊಟ್ಟಿದೆ. ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ಕಟ್ಟೆ ಕಟ್ಟುತ್ತಿದ್ದೇವೆ, ರಜೆಯ ದಿನ ಊರಿಗೆ ಊರೇ ಕಲ್ಲು ಹೊರುತ್ತದೆ.

ನಿನ್ನನ್ನು ಸಮಿತಿಯಿಂದ ತೆಗೆದರೆಂದು ಪತ್ರಿಕೆಯಲ್ಲಿ ಓದಿದೆ. ಏಪ್ರಿಲ್ ಮೂವತ್ತಕ್ಕೆ ಬರೆಯುವಾಗಲೇ ನಿನಗೆ ಗೊತ್ತಿತ್ತು, ಅಲ್ಲವಾ? ನಮ್ಮ ಸಂತೋಷಕ್ಕೆ ಕಲ್ಲು ಬೀಳದಿರಲಿ ಅಂತ ಬರೆಯಲಿಲ್ಲ. ಮುಚ್ಚಿಡುವುದನ್ನು ನೀನೂ ನನ್ನಿಂದಲೇ ಕಲಿತೆ ಅಂತ ಕಾಣುತ್ತದೆ. ಬೇಜಾರಾಗಿದ್ದರೆ ಹೇಳು. ಆಗಿಲ್ಲದಿದ್ದರೂ ಬರೆ.

ಅಕ್ಕ

*

ಮೇ 17

ಅಕ್ಕಾ,

ಗೊತ್ತಿತ್ತು. ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಹೇಳುವುದಿಲ್ಲ. ಕುರ್ಚಿಯ ಹಿಂದಿನ ಗೋಡೆಯಿಂದ ನನ್ನ ಹೆಸರಿನ ಹಲಗೆ ತೆಗೆಯುವಾಗ ಮೊಳೆ ಕಚ್ಚಿಕೊಂಡು ಬರಲೇ ಇಲ್ಲ. ಇಬ್ಬರು ಎಳೆದರು. ನಾನೇ ಹೋಗಿ ಸಹಾಯ ಮಾಡಿದೆ.

ಈಗ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತೇನೆ. ಮೂರು ಜಿಲ್ಲೆಗಳ ಸದಸ್ಯರು ಬಂದು ತಮ್ಮ ಊರಿನ ಸಂಘಗಳಿಗೆ ಹೇಗೆ ಅರ್ಜಿ ಹಾಕುವುದೆಂದು ಕೇಳಿ ಹೋದರು. ಕುರ್ಚಿಯಲ್ಲಿದ್ದಾಗ ಯಾರೂ ನನ್ನಿಂದ ಏನನ್ನೂ ಕಲಿಯಲು ಬಂದಿರಲಿಲ್ಲ. ಸಂಜೆ ಮಗಳನ್ನು ಈಜಲು ಕರೆದುಕೊಂಡು ಹೋಗುವಷ್ಟು ಬಿಡುವಿದೆ. ಒಟ್ಟಿನಲ್ಲಿ ನಷ್ಟವಾಗಿಲ್ಲ.

ತಮ್ಮ

*

ನವೆಂಬರ್ 22

ತಮ್ಮಾ,

ನಿನ್ನೆ ಸಂಜೆ ಸ್ವಿಚ್ ಹಾಕಿದೆವು. ಕೆಲಸದ ಮೇಲೆ ಪರದೇಶದಲ್ಲಿರುವ ನಿನಗೆ ಈ ಕಾಗದ ತಲುಪುವಷ್ಟರಲ್ಲಿ ಸುದ್ದಿ ಹಳೆಯದಾಗಿರುತ್ತದೆ, ಆದರೂ ನನ್ನ ಕೈಯಿಂದಲೇ ನಿನಗೆ ತಿಳಿಯಲಿ.

ಯಾವ ಭಾಷಣವೂ ಬೇಡ ಅಂದಿದ್ದೆ, ಆದರೂ ನರ್ಸಮ್ಮ ಒಂದು ಮಾಡಿದಳು. ಎಂದಿನ ಹೊತ್ತಿಗೆ ಹೊರಗಿನ ಲೈನ್ ಹೋಯಿತು. ಜನ ಅಭ್ಯಾಸಬಲದಿಂದ ಅಯ್ಯೋ ಅಂದರು. ಬಾಯಿ ಮುಚ್ಚುವ ಮೊದಲೇ ದೀಪ ಬಂತು. ಮೊದಲು ಆಸ್ಪತ್ರೆ, ಆಮೇಲೆ ದೊಡ್ಡ ಬೀದಿ, ಆಮೇಲೆ ಸಾಲುಸಾಲು ಮನೆಗಳು ಮೇಲಿನ ತಿರುವಿನವರೆಗೂ. ಎಲ್ಲೂ ಜನರೇಟರ್ ಸದ್ದಿಲ್ಲ. ಅಷ್ಟೊಂದು ಜನ ಬೀದಿಯಲ್ಲಿ ನಿಂತು ಕಿವಿಗೊಟ್ಟೆವು. ನಮ್ಮೂರಿನ ಸಂಜೆ ಹೇಗೆ ಕೇಳಿಸುತ್ತದೆ ಅಂತ ನಾವೇ ಮರೆತಿದ್ದೆವು. ಯಾರದೋ ಮನೆಯಲ್ಲಿ ಒಂದು ಮಗು ಮಗ್ಗಿ ಹೇಳುತ್ತಿತ್ತು, ಅದು ಆ ಬೀದಿಯ ತುದಿಯವರೆಗೂ ಕೇಳಿಸಿತು.

ನಾನು ಕುಲುಮೆಗೆ ಓಡಿದೆ. ಕಣ್ಣಿನಿಂದ ಇಣುಕಿದರೆ ಗಾಜು ಬಿಳಿಯಾಗಿ, ಏನೂ ಆಗಿಲ್ಲವೆಂಬಂತೆ ಕುದಿಯುತ್ತಿದೆ. ಮಧ್ಯಾಹ್ನದ ಬಿಸಿಲು ತಮ್ಮಾ, ಸಂಜೆಯಲ್ಲಿ ಗಾಜು ಕರಗಿಸುತ್ತಿದೆ. ಯಂತ್ರ ಒಂದರ ಹಿಂದೊಂದು ಕೆಂಪಗೆ ಕಾದ ಬಾಟಲಿಗಳನ್ನು ಇಳಿಸುತ್ತಲೇ ಇತ್ತು.

ಇಷ್ಟು ಬರೆಯುವಷ್ಟರಲ್ಲಿ ಗೇಟಿನಿಂದ ಆಳು ಬಂದ. ನದಿಯಾಚೆಯ ಊರಿನವರು ಒಂದು ಬಸ್ಸು ಮಾಡಿಕೊಂಡು ಬಂದಿದ್ದಾರಂತೆ, ಬ್ಯಾಟರಿ ಮನೆ ನೋಡಬೇಕಂತೆ, ತಾವೂ ಸಂಘ ಕಟ್ಟಬೇಕಂತೆ. ಅದರ ಹಿಂದೆ ಇನ್ನೊಂದು ಬಸ್ಸೂ ನಿಂತಿದೆಯಂತೆ, ಅವರು ಯಾವ ಊರಿನವರೋ ಇವನಿಗೆ ಗೊತ್ತಿಲ್ಲ.

ಹೋಗಿ ಎಲ್ಲರನ್ನೂ ಒಳಗೆ ಕರೆಯುತ್ತೇನೆ.

ಅಕ್ಕ